ಓದುಗರ ಮುಯ್ಯಿ

ಹೊಸದಾಗಿ ಪುಸ್ತಕ ತಂದ ಇಬ್ಬರು ಬರಹಗಾರರು ಎದುರಾದರೆ ಕಾಫಿ ಬರುವಷ್ಟರಲ್ಲಿ ಒಂದು ಒಪ್ಪಂದ ಆಗಿಹೋಗಿರುತ್ತದೆ. "ನಿಮ್ಮ ಪುಸ್ತಕದ ಬಗ್ಗೆ ನಾನು ನಾಲ್ಕು ಸಾಲು ಹಾಕ್ತೀನಿ, ನನ್ನದರ ಬಗ್ಗೆ ನೀವು ಹಾಕಿ ಸಾರ್." ಇಬ್ಬರೂ ಮಾತಿಗೆ ತಪ್ಪುವುದಿಲ್ಲ. ಪುಸ್ತಕವನ್ನು ಎದೆಗೆ ಹಿಡಿದುಕೊಂಡ ಫೋಟೊ, ಕೆಳಗೆ "ಎಲ್ಲರೂ ಓದಲೇಬೇಕಾದ ಕೃತಿ" ಎಂಬ ಸಾಲು. ಲೈಕು ಬೀಳುತ್ತದೆ, ಅಭಿನಂದನೆ ಬೀಳುತ್ತದೆ, ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ತಿಂಗಳಾದ ಮೇಲೆ ಪ್ರಕಾಶಕರಿಗೆ ಫೋನ್ ಮಾಡಿದರೆ ಗೋದಾಮಿನ ಕಟ್ಟುಗಳು ಇದ್ದಲ್ಲೇ ಇರುತ್ತವೆ. ಒಂಟೆಯ ಮದುವೆಗೆ ಕತ್ತೆ ಹಾಡಿ, ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡ ಕಥೆ ನಮಗೆಲ್ಲ ಗೊತ್ತು. ಆ ಮದುವೆಗೆ ಬಂದ ನೆಂಟರಲ್ಲಿ ಎಷ್ಟು ಜನ ಆಮೇಲೆ ಕತ್ತೆಯ ಕಛೇರಿಗೆ ಟಿಕೆಟು ಕೊಂಡರು ಅನ್ನುವುದನ್ನು ಮಾತ್ರ ಕಥೆ ಹೇಳುವುದಿಲ್ಲ.

ಹಾಗಂತ ಬರಹಗಾರರು ಒಬ್ಬರಿಗೊಬ್ಬರು ಒದಗುವುದೇ ತಪ್ಪು ಎನ್ನಲಾರೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತಲ್ಲ, ಅದು ನಿಂತದ್ದೇ ಇದರ ಮೇಲೆ. ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಮ್ಮ ನಾಟಿಗೆ ನೀವು ಬರಬೇಕು. ಕೂಲಿ ಇಲ್ಲ, ಕಾಗದಪತ್ರವಿಲ್ಲ. ಒಂದೇ ಷರತ್ತು, ಬಂದವರು ಕೆಸರಿಗೆ ಇಳಿಯಬೇಕು. ಬದುವಿನ ಮೇಲೆ ನಿಂತು "ಪೈರು ಭಾಳ ಚೆನ್ನಾಗೈತೆ" ಎಂದು ಹೇಳಿ ಹೊರಟುಹೋದವರನ್ನು ಯಾರೂ ಮುಯ್ಯಾಳು ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಬ್ಬ ಬರಹಗಾರನ ಓದುಗರು ಇನ್ನೊಬ್ಬನಿಗೂ ಓದುಗರಾಗುವುದು ಕನ್ನಡದಲ್ಲಿ ನಡೆದಿದೆ, ದೊಡ್ಡ ಪ್ರಮಾಣದಲ್ಲೇ ನಡೆದಿದೆ. ನಡೆದಲ್ಲೆಲ್ಲ ಯಾರೋ ಒಬ್ಬರು ಇನ್ನೊಬ್ಬರಿಗಾಗಿ ಕೆಸರಿಗೆ ಇಳಿದಿದ್ದಾರೆ.

ಒಂಟಿಯಾಗಿ ದುಡಿದವರಿಂದಲೇ ಶುರುಮಾಡೋಣ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಕಾದಂಬರಿ ಬರೆದು ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. 1907ರಲ್ಲಿ ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯನ್ನು ಮನೆಮನೆಗೆ ಮುಟ್ಟಿಸಿದವರು. ಕನ್ನಡದ ಸಭೆಗಳಲ್ಲಿ ಇವರ ಗಂಟಿನ ಮಾತು ಬಂದಾಗಲೆಲ್ಲ ಸಭಿಕರ ಕಣ್ಣು ಒದ್ದೆಯಾಗುತ್ತದೆ. ಆಗಬೇಕಾದ್ದೇ. ಆದರೆ ನನಗೆ ಆ ಗಂಟನ್ನು ನೆನೆದಾಗ ಗೌರವದ ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಬರೆಯುವ ಕೈ, ಕರಡು ತಿದ್ದುವ ಕಣ್ಣು, ಹೊರುವ ಹೆಗಲು, ಮೂರೂ ಒಬ್ಬರದೇ ಯಾಕಾಗಬೇಕಿತ್ತು?

ಅವರ ಮುಂದಿನ ತಲೆಮಾರಿನವರು ಈ ಪ್ರಶ್ನೆಗೆ ಬೇರೆ ಉತ್ತರ ಹುಡುಕಿಕೊಂಡರು. ಆಗಿನ ಸ್ಥಿತಿ ನೋಡಿ. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ ಮರಾಠಿಯದೇ ಮೇಲುಗೈ. ಬಳ್ಳಾರಿ, ಮಂಗಳೂರು ಮದ್ರಾಸಿಗೆ. ರಾಯಚೂರು, ಕಲಬುರಗಿ ನಿಜಾಮರಿಗೆ. ಕೊಡಗು ಬೇರೆ, ಮೈಸೂರು ಸಂಸ್ಥಾನ ಬೇರೆ. ಒಂದು ಕಡೆ ಅಚ್ಚಾದ ಕನ್ನಡ ಪುಸ್ತಕ ಇನ್ನೊಂದು ಕಡೆಗೆ ತಲುಪುವುದೇ ಅಪರೂಪ. ಮೈಸೂರಿನ ಓದುಗರಿಗೆ ಧಾರವಾಡದ ಕವಿಯ ಹೆಸರು ಕೇಳಿ ಗೊತ್ತು, ಓದಿ ಗೊತ್ತಿಲ್ಲ. ಇಂಥ ಕಾಲದಲ್ಲಿ, 1922ರ ಸುಮಾರಿಗೆ, ಬೇಂದ್ರೆಯವರ ಸುತ್ತ 'ಗೆಳೆಯರ ಗುಂಪು' ಕಟ್ಟಿಕೊಂಡಿತು. ಶಂ.ಬಾ. ಜೋಶಿ, ಆನಂದಕಂದ ಎಂಬ ಹೆಸರಲ್ಲಿ ಬರೆದ ಬೆಟಗೇರಿ ಕೃಷ್ಣಶರ್ಮ, ಸಿದ್ದವನಹಳ್ಳಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಈ ಹೆಸರುಗಳನ್ನು ನಾವು ಪಠ್ಯಪುಸ್ತಕದಲ್ಲಿ ಒಂದೇ ಉಸಿರಿಗೆ ಓದಿಬಿಡುತ್ತೇವೆ. ನಿಧಾನವಾಗಿ ನೋಡಿದರೆ ಒಬ್ಬರಂತೆ ಒಬ್ಬರಿಲ್ಲ. ಒಬ್ಬರು ಕವಿ, ಒಬ್ಬರು ನಾಡಿನ ಮೂಲ ಹುಡುಕುವ ಸಂಶೋಧಕ, ಒಬ್ಬರು ಇಂಗ್ಲಿಷ್ ಪ್ರಾಧ್ಯಾಪಕ, ಇನ್ನೊಬ್ಬರು ಸಾಹಿತ್ಯ ಚರಿತ್ರೆ ಬರೆದವರು. ಏಳು ಜನ ಕವಿಗಳೇ ಕೂಡಿದ್ದರೆ ಅದೇ ಐವತ್ತು ಜನ ಕೇಳುಗರು ಏಳು ಸಲ ಚಪ್ಪಾಳೆ ತಟ್ಟುತ್ತಿದ್ದರು, ಅಷ್ಟೆ. ಸಂಶೋಧನೆಯ ಲೇಖನಕ್ಕೆಂದು ಪತ್ರಿಕೆ ತೆರೆದ ಮಾಸ್ತರರ ಕಣ್ಣಿಗೆ ಪಕ್ಕದ ಪುಟದ ಕವಿತೆ ಬಿದ್ದಾಗ ಮಾತ್ರ ಹೊಸ ಓದುಗ ಹುಟ್ಟುತ್ತಾನೆ. ಇವತ್ತು ಜೊತೆಗಾರರನ್ನು ಹುಡುಕುವ ಹೊಸಬರು ತಮ್ಮಂತೆಯೇ ಬರೆಯುವವರ ಹೆಗಲ ಮೇಲೇ ಕೈ ಹಾಕುತ್ತಾರೆ. ಕಥೆಗಾರನಿಗೆ ಕಥೆಗಾರರೇ ಸ್ನೇಹಿತರು. ಎಲ್ಲರ ಓದುಗರ ಪಟ್ಟಿಯೂ ಒಂದೇ.

ಗುಂಪು ಧಾರವಾಡದೊಳಗೇ ಉಳಿದುಬಿಟ್ಟಿದ್ದರೆ ಅದೂ ಒಂದು ಹರಟೆಕಟ್ಟೆ ಆಗುತ್ತಿತ್ತು. 1926ರಲ್ಲಿ ನಾಡಹಬ್ಬ ಶುರುವಾಯಿತು, ನವರಾತ್ರಿಯ ಸಂಜೆಗಳಿಗೆ ಕನ್ನಡದ ಮಾತು ಬಂತು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಮಾಸ್ತಿಯವರು ಅಧ್ಯಕ್ಷರು. 'ಹಕ್ಕಿ ಹಾರುತಿದೆ ನೋಡಿದಿರಾ' ಕವಿತೆಯನ್ನು ಬೇಂದ್ರೆ ಆ ಸಮ್ಮೇಳನದಲ್ಲಿ ಓದಿದರು. ಹಳೆ ಮೈಸೂರಿನ ಸಣ್ಣಕಥೆಗಾರರಿಗೂ ಧಾರವಾಡದ ಕವಿಗೂ ಅಲ್ಲಿಂದಾಚೆ ಬೆಳೆದ ನಂಟು ಬರಿಯ ಮೆಚ್ಚುಗೆಯ ಮಾತಿನಲ್ಲಿ ಮುಗಿಯಲಿಲ್ಲ. ಧಾರವಾಡದಲ್ಲಿ ಹುಟ್ಟಿದ 'ಜೀವನ' ಮಾಸಪತ್ರಿಕೆಯನ್ನು 1944ರಿಂದ ಮಾಸ್ತಿ ತಮ್ಮ ಕೈಗೆ ತೆಗೆದುಕೊಂಡು ಎರಡು ದಶಕ ನಡೆಸಿದರು. ಮನೆಮಾತು ತಮಿಳಾದ ಮಾಸ್ತಿ, ಮನೆಮಾತು ಮರಾಠಿಯಾದ ಬೇಂದ್ರೆ, ಇಬ್ಬರೂ ಸೇರಿ ಹಂಚಿಕೊಂಡದ್ದು ಕನ್ನಡದ ಓದುಗರನ್ನು. ಇದು ಈ ನಾಡಿನಲ್ಲಿ ಎಷ್ಟು ಸಹಜವಾಗಿ ನಡೆದುಹೋಯಿತೆಂದರೆ ಯಾರಿಗೂ ಸೋಜಿಗ ಅನ್ನಿಸಲಿಲ್ಲ.

ಧಾರವಾಡಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಹಲಸಂಗಿಯ ಕಥೆ. ಭೀಮಾ ನದಿಯ ಸೀಮೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತೆ ಇರುವ ಊರು; ಆಗ ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನದು. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಇದ್ದರು. ಇವರು ಕಿವಿಗೊಟ್ಟದ್ದು ತಮ್ಮ ಮನೆಯ ಹೆಂಗಸರು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ತ್ರಿಪದಿಗಳಿಗೆ. ಕೇಳಿದರು, ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು, 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'.

ಗಡಿಯಂಚಿನ ಹಳ್ಳಿಯವರು ಒಟ್ಟುಮಾಡಿದ ಹೆಂಗಸರ ಹಾಡನ್ನು ಬೆಂಗಳೂರು, ಮೈಸೂರಿನ ಕಾಲೇಜು ಓದಿದವರು ಯಾಕೆ ಕೊಳ್ಳಬೇಕು? 'ಗರತಿಯ ಹಾಡು'ಗೆ ಮುನ್ನುಡಿ ಬರೆದವರು ಬಿ.ಎಂ. ಶ್ರೀಕಂಠಯ್ಯನವರು. ಇಂಗ್ಲಿಷ್ ಪ್ರಾಧ್ಯಾಪಕರು, 'ಇಂಗ್ಲಿಷ್ ಗೀತಗಳು' ಮೂಲಕ ಹೊಸ ಕವಿತೆಗೆ ದಾರಿ ತೋರಿಸಿದವರು, 1928ರಲ್ಲಿ ಕಲಬುರಗಿಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಅಂಥವರು ಬೀಸುವ ಕಲ್ಲಿನ ಹಾಡಿಗೆ ತಮ್ಮ ಹೆಸರನ್ನು ಒತ್ತೆಯಿಟ್ಟರು. ಅವರ ಮುನ್ನುಡಿ ನಾಲ್ಕು ಸಾಲಿನ ಹರಕೆ ಅಲ್ಲ. ಜನರ ಮಾತಿಗೂ ಕವಿಯ ಮಾತಿಗೂ ಇರುವ ಸಂಬಂಧ ಏನು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬರೆದದ್ದು. ಆಮೇಲಿನ ಜಾನಪದ ಅಧ್ಯಯನವೆಲ್ಲ ಆ ಮಾತಿಗೆ ಮತ್ತೆಮತ್ತೆ ಮರಳಿದೆ.

ಹಲಸಂಗಿಯವರು ಪಡೆದದ್ದು ಇಷ್ಟಾದರೆ, ಕೊಟ್ಟದ್ದು? ಬೇಂದ್ರೆ ಮಧುರಚೆನ್ನರ ಆಪ್ತರು. ಬೇಂದ್ರೆಯವರ ಕವಿತೆ ನಿಂತಿರುವುದೇ ಆ ನೆಲದ ಲಯದ ಮೇಲೆ, ಆ ಹೆಂಗಸರ ಮಾತಿನ ಕೊಂಕಿನ ಮೇಲೆ. ಹಳೆ ಮೈಸೂರಿನ ಕಿವಿಗೆ ಮೊದಮೊದಲು ಅದು ಒಗ್ಗಿರಲಾರದು. ಮೂರು ಸಾಲಿನ ತ್ರಿಪದಿಯ ಓಟ ಒಮ್ಮೆ ಕಿವಿಗೆ ಹತ್ತಿದವರಿಗೆ ಬೇಂದ್ರೆ ತಾವಾಗಿ ತೆರೆದುಕೊಂಡರು. ಬೇಂದ್ರೆಯ ರುಚಿ ಹತ್ತಿದವರು 'ಗರತಿಯ ಹಾಡು' ಹುಡುಕಿಕೊಂಡು ಹೋದರು. ಒಬ್ಬರ ಓದುಗರನ್ನು ಇನ್ನೊಬ್ಬರು ಎರವಲು ಪಡೆದದ್ದಷ್ಟೇ ಅಲ್ಲ, ಒಬ್ಬರ ಓದುಗರ ಕಿವಿಯನ್ನು ಇನ್ನೊಬ್ಬರು ಹದಮಾಡಿಕೊಟ್ಟರು. ಲೈಕಿನ ಲೆಕ್ಕದಲ್ಲಿ ಇದಕ್ಕೆ ಅಂಕಣವೇ ಇಲ್ಲ.

ಇದರಲ್ಲಿ ಒಂದು ಕೊರೆ ಇದೆ, ಹೇಳಿಬಿಡಬೇಕು. ಸಂಪಾದಿಸಿದ ಗಂಡಸರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಉಳಿಯಿತು. ಹಾಡಿದ ಗರತಿಯರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಯ್ಯಿ ತೀರದ ಸಾಲ ಅದು. ಬರೆಯುವ ಹೆಂಗಸರೂ ಗಂಡಸರ ಗುಂಪುಗಳಿಗಾಗಿ ಕಾದು ಕೂತಿರಲಿಲ್ಲ ಎನ್ನಿ. ಬೇಂದ್ರೆಯವರ ಗುಂಪಿಗೂ ಮೊದಲೇ ನಂಜನಗೂಡಿನಲ್ಲಿ ಬಾಲವಿಧವೆ ತಿರುಮಲಾಂಬ 'ಸತೀಹಿತೈಷಿಣಿ' ಗ್ರಂಥಮಾಲೆ ತೆಗೆದು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿ, ಬೇರೆ ಹೆಂಗಸರ ಬರಹಕ್ಕೂ ಅದರಲ್ಲಿ ಜಾಗ ಮಾಡಿಕೊಟ್ಟಿದ್ದರು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಧಾರವಾಡದ ಗೆಳೆಯರಲ್ಲಿ ಜಿ.ಬಿ. ಜೋಶಿ ಒಂದು ಹೆಜ್ಜೆ ಮುಂದೆ ಹೋಗಿ ಈ ಮುಯ್ಯಿಗೆ ಒಂದು ವ್ಯವಸ್ಥೆಯನ್ನೇ ಕಟ್ಟಿದರು. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಕ್ರಮ ಸರಳ. ಓದುಗರು ವರ್ಷದ ಚಂದಾ ಮೊದಲೇ ಕೊಡುತ್ತಾರೆ, ವರ್ಷದುದ್ದಕ್ಕೂ ಪುಸ್ತಕ ಮನೆಗೆ ಬರುತ್ತದೆ. ಯಾವ ಪುಸ್ತಕ ಅಂತ ಓದುಗರು ಆರಿಸುವುದಿಲ್ಲ, ಮಾಲೆಯವರು ಆರಿಸುತ್ತಾರೆ. ಹೆಸರಾದ ಲೇಖಕರ ಕಾದಂಬರಿ ಬರುತ್ತದೆಂದು ಚಂದಾ ಕಟ್ಟಿದ ಮಾಸ್ತರರ ಮನೆಗೆ ಅದೇ ವರ್ಷ ಅವರು ಹೆಸರೇ ಕೇಳಿರದ ಹುಡುಗನ ಪುಸ್ತಕವೂ ಬಂದು ಬೀಳುತ್ತದೆ. ದುಡ್ಡು ಕೊಟ್ಟಾಗಿದೆ, ಓದಿಬಿಡೋಣ ಅನ್ನಿಸುತ್ತದೆ. ಹಿರಿಯರ ಓದುಗರು ಕಿರಿಯರಿಗೆ ದಾಟುತ್ತಿದ್ದದ್ದು ಹೀಗೆ, ಭಾಷಣವಿಲ್ಲದೆ, ಅಂಚೆಯಣ್ಣನ ಚೀಲದಲ್ಲಿ. ಬುರ್ಲಿ ಬಿಂದುಮಾಧವರ ಮಿಂಚಿನಬಳ್ಳಿಯಂಥ ಬೇರೆ ಮಾಲೆಗಳೂ ಆ ಊರಿನಲ್ಲಿ ಇದ್ದವು. ಉಳಿದು ಬಾಳಿದ್ದು ಮನೋಹರ.

ಧಾರವಾಡದ ಸುಭಾಸ ರಸ್ತೆಯಲ್ಲಿರುವ ಗ್ರಂಥಮಾಲೆಯ ಆಫೀಸನ್ನು ಎಲ್ಲರೂ 'ಅಟ್ಟ' ಎಂದೇ ಕರೆಯುತ್ತಾರೆ. ಮೆಟ್ಟಿಲು ಹತ್ತಿ ಹೋಗಬೇಕು. ಹತ್ತಿದವರು ಸುಲಭಕ್ಕೆ ಇಳಿಯುತ್ತಿರಲಿಲ್ಲವಂತೆ. ಚಹಾ, ಜಗಳ, ಹಸ್ತಪ್ರತಿ, ಮತ್ತೆ ಚಹಾ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಕೂತು ಬಂದ ಹಸ್ತಪ್ರತಿ ಓದುತ್ತಿದ್ದರು. ಈ ಓದುವ ಕೆಲಸ ಇತ್ತಲ್ಲ, ಮಾಲೆಯ ಜೀವ ಇದ್ದದ್ದು ಅದರಲ್ಲಿ. ಚಂದಾದಾರರು ಹೆಸರಿಲ್ಲದ ಹುಡುಗನ ಪುಸ್ತಕ ಓದುತ್ತಿದ್ದರೆ, ಅಟ್ಟದ ಮೇಲೆ ಯಾರೋ ಅದನ್ನು ಪೂರ್ತಿ ಓದಿ, ತಿದ್ದಿಸಿ, ಹೌದು ಎಂದಿದ್ದಾರೆ ಅನ್ನುವ ನಂಬಿಕೆಯಿಂದ.

ಆ ಅಟ್ಟದಿಂದ ಹೊರಟ ಮೂರು ಪುಸ್ತಕ ನೋಡಿ. 1961ರಲ್ಲಿ 'ಯಯಾತಿ'. ಬರೆದ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರು ವಯಸ್ಸು. ಅವರು ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. 1965ರಲ್ಲಿ 'ಸಂಸ್ಕಾರ'. ಯು.ಆರ್. ಅನಂತಮೂರ್ತಿ ಅದನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ'. ಕವಿ ಎ.ಕೆ. ರಾಮಾನುಜನ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಮೂವರೂ ಊರಲ್ಲಿಲ್ಲ. ಪುಸ್ತಕದಂಗಡಿಗೆ ಹೋಗಿ ನಿಂತು ಸಹಿ ಹಾಕಿಕೊಡುವ ಹಾಗಿಲ್ಲ, ಬಿಡುಗಡೆ ಸಮಾರಂಭದಲ್ಲಿ ಶಾಲು ಹೊದೆಯುವ ಹಾಗಿಲ್ಲ. ಬೇರೆಯವರು ಹಿಂದಿನ ಮೂವತ್ತು ವರ್ಷ ಕೂಡಿಸಿಟ್ಟ ಓದುಗರು ಅವರಿಗಾಗಿ ಕಾದಿದ್ದರು.

ಈ ಮೂವರು ಆಮೇಲೆ ಒಬ್ಬರಿಗೊಬ್ಬರು ಮಾಡಿದ್ದು ಏನು ಎಂಬುದನ್ನು ಸ್ವಲ್ಪ ನಿಂತು ನೋಡುವ ಹಾಗಿದೆ. 'ಸಂಸ್ಕಾರ' ಸಿನಿಮಾ ಆದಾಗ ಚಿತ್ರಕಥೆ ಬರೆದವರು ಕಾರ್ನಾಡ್. ಪ್ರಾಣೇಶಾಚಾರ್ಯರ ಪಾತ್ರದಲ್ಲಿ ನಟಿಸಿದವರೂ ಅವರೇ. ಪಟ್ಟಾಭಿರಾಮ ರೆಡ್ಡಿಯವರ ಆ ಚಿತ್ರಕ್ಕೆ ಸೆನ್ಸಾರಿನವರು ಮೊದಲು ತಡೆಹಾಕಿದರು. 1970ರಲ್ಲಿ ಬಿಡುಗಡೆಯಾಯಿತು, ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ಕಾದಂಬರಿ ಓದದವರೂ ದೂರ್ವಾಸಪುರದ ಅಗ್ರಹಾರವನ್ನು ಬಲ್ಲವರಾದರು. 1976ರಲ್ಲಿ ರಾಮಾನುಜನ್ ಅದರ ಇಂಗ್ಲಿಷ್ ಅನುವಾದ ತಂದರು. ವಚನಗಳ ಅನುವಾದ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಬಂದು ಅವರ ಹೆಸರು ಹೊರನಾಡುಗಳಲ್ಲಿ ಗಟ್ಟಿಯಾಗಿತ್ತು. ಆ ಹೆಸರು ನಂಬಿ ಪುಸ್ತಕ ಕೊಳ್ಳುವವರು ಇದ್ದರು. ಅವರ ಮುಂದೆ ರಾಮಾನುಜನ್ "ಇದು ಓದಲೇಬೇಕಾದ ಕೃತಿ" ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಮಾಧ್ವ ಅಗ್ರಹಾರದ ಮಾತು, ಅಪರಕರ್ಮದ ವಿವರ, ಸಂಸ್ಕೃತದ ಗಾದೆ, ಮಡಿ-ಮೈಲಿಗೆಯ ಸೂಕ್ಷ್ಮ ಎಲ್ಲವನ್ನೂ ಬೇರೆ ಭಾಷೆಗೆ ಒಂದೊಂದೇ ವಾಕ್ಯವಾಗಿ ದಾಟಿಸಿ, ಕೊನೆಗೆ ಟಿಪ್ಪಣಿ, ಅದರ ಮೇಲೊಂದು ಹಿನ್ನುಡಿ. ಹಿನ್ನುಡಿಯಲ್ಲಿ ಹೊಗಳಿಕೆಗಿಂತ ಪ್ರಶ್ನೆಗಳೇ ಹೆಚ್ಚು. ಒಬ್ಬ ಕವಿ ತನ್ನ ಕವಿತೆಗೆ ಕೊಡಬಹುದಾಗಿದ್ದ ದಿನಗಳನ್ನು ಇನ್ನೊಬ್ಬನ ಗದ್ದೆಯಲ್ಲಿ ಕಳೆದದ್ದು ಹೀಗೆ.

ಮುಯ್ಯಿ ಇಲ್ಲಿಗೂ ನಿಲ್ಲಲಿಲ್ಲ. ರಾಮಾನುಜನ್ ಬಾಯಲ್ಲಿ ಕೇಳಿದ ಎರಡು ಜನಪದ ಕಥೆ ಹಿಡಿದು ಕಾರ್ನಾಡ್ 'ನಾಗಮಂಡಲ' ಬರೆದರು. ಇದನ್ನು ಮುಚ್ಚಿಡಲಿಲ್ಲ, ತಾವೇ ಹೇಳಿಕೊಂಡರು. 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರ ಆ ನಾಟಕ ಆಡಿಸಿತು. ರಾಮಾನುಜನ್ ಹೇಳುತ್ತಿದ್ದಂಥವು ನಮ್ಮ ಕಡೆಯ ಹೆಂಗಸರು ರಾತ್ರಿ ಮಕ್ಕಳಿಗೆ ಅನ್ನ ಕಲಸಿ ಕೊಡುತ್ತಾ ಹೇಳುವ ಕಥೆಗಳು. ಹಲಸಂಗಿಯ ಸಾಲ ತೀರಿತು ಎನ್ನಲಾಗದು. ಬಡ್ಡಿಯಾದರೂ ಕಟ್ಟಿದಂತಾಯಿತೇನೋ.

ಜೊತೆಗೂಡಿ ಬರೆಯುವುದರಲ್ಲಿ ಆಟವೂ ಇರುತ್ತದೆ. ಇದೇ ಮನೋಹರ ಗ್ರಂಥಮಾಲೆ 'ಖೋ' ಎಂಬ ಕಾದಂಬರಿ ತಂದಿತ್ತು. ಒಬ್ಬರು ಒಂದು ಅಧ್ಯಾಯ ಬರೆದು ಮುಂದಿನವರ ಬೆನ್ನು ತಟ್ಟಿ 'ಖೋ' ಕೊಡುವುದು, ಅವರು ಎದ್ದು ಓಡುವುದು. ಇಂಥ ಪುಸ್ತಕ ಮೇರುಕೃತಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೆಚ್ಚಿನ ಲೇಖಕರು ಎಲ್ಲಿ ಬರುತ್ತಾರೆಂದು ಕಾಯುವ ಓದುಗರು ಮಧ್ಯೆ ಸಿಕ್ಕ ಉಳಿದವರನ್ನೂ ಓದಿಬಿಡುತ್ತಾರೆ. ಅಷ್ಟು ಸಾಕು.

ಪಕ್ಕದ ಕೇರಳದವರು ಇನ್ನೂ ಲೆಕ್ಕಾಚಾರದವರು. 1945ರಲ್ಲಿ ಕೊಟ್ಟಾಯಂನಲ್ಲಿ ಹನ್ನೆರಡು ಬರಹಗಾರರು ಕೂಡಿ ಸಹಕಾರ ಸಂಘ ಕಟ್ಟಿದರು. ಮೂಲ ಬಂಡವಾಳ 120 ರೂಪಾಯಿ, ತಲೆಗೆ ಹತ್ತು. ಎಂ.ಪಿ. ಪಾಲ್, ಕಾರೂರು ನೀಲಕಂಠ ಪಿಳ್ಳೆಯವರಂಥವರು ಮುಂದಾಳುಗಳು. ತಕಳಿಯವರ ಕಥೆಗಳಿಂದ ಶುರುವಾಗಿ ಮಲಯಾಳಂನ ದೊಡ್ಡ ಹೆಸರುಗಳೆಲ್ಲ ಆ ಸಂಘದಿಂದ ಹೊರಬಂದವು. ಲೇಖಕರಿಗೆ ಶೇ. 30ರಷ್ಟು ಗೌರವಧನ. ಈ ಅಂಕಿ ಕೇಳಿದರೆ ನಮ್ಮ ಲೇಖಕರಿಗೆ ತಲೆಸುತ್ತು ಬರಬಹುದು.

ಗುಂಪು ಕಟ್ಟುವುದರಲ್ಲಿ ಕೇಡಿಲ್ಲವೆ? ಧಾರಾಳವಾಗಿ ಇದೆ. ಗುಂಪು ಗುಂಪುಗಾರಿಕೆ ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ಒಳಗಿನವರು ಬರೆದದ್ದೆಲ್ಲ ಅಪೂರ್ವ, ಹೊರಗಿನವರದ್ದು ಓದುವಂತಿಲ್ಲ ಅನ್ನುವ ಹಂತಕ್ಕೆ ಬಂದರೆ ಮೊದಲು ಓಡಿಹೋಗುವವರು ಓದುಗರು. ಅವರಿಗೆ ವಾಸನೆ ಬೇಗ ಗೊತ್ತಾಗುತ್ತದೆ. 1964ರಲ್ಲಿ ಧಾರವಾಡದಲ್ಲೇ ಚಂಪಾ ಎಂದೇ ಹೆಸರಾದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಸೇರಿ 'ಸಂಕ್ರಮಣ' ಪತ್ರಿಕೆ ಶುರುಮಾಡಿದರು. ಮುಂದೆ ದಾರಿ ಬೇರೆಯಾಯಿತು, ಪತ್ರಿಕೆಯನ್ನು ಚಂಪಾ ದಶಕಗಳ ಕಾಲ ನಡೆಸಿಕೊಂಡು ಹೋದರು. ಜೊತೆ ಮುರಿದದ್ದನ್ನು ಸೋಲು ಅಂತ ನಾನು ಎಣಿಸುವುದಿಲ್ಲ. ಮೂವರೂ ಕೂಡಿದ್ದಾಗ ಬಂದ ಓದುಗರು ಮೂವರನ್ನೂ ಬೇರೆಬೇರೆಯಾಗಿ ಓದುತ್ತಲೇ ಇದ್ದರು. ಜೀವಮಾನವಿಡೀ ಒಟ್ಟಿಗಿರಬೇಕೆಂಬ ಆಣೆ ಯಾರೂ ಇಟ್ಟುಕೊಳ್ಳಬೇಕಾಗಿಲ್ಲ.

ಇವತ್ತು ನಮ್ಮ ನಡುವೆ ಇಂಥದು ನಡೆಯುತ್ತಿಲ್ಲ ಎಂದೇನಲ್ಲ. ಕಥೆಗಾರ ವಸುಧೇಂದ್ರ ತಮ್ಮ ಛಂದ ಪುಸ್ತಕದ ಮೂಲಕ ಹೊಸ ಕಥೆಗಾರರ ಮೊದಲ ಸಂಕಲನಗಳಿಗೆ ಸ್ಪರ್ಧೆ ನಡೆಸಿ ಅಚ್ಚು ಹಾಕುತ್ತ ಬಂದಿದ್ದಾರೆ. ತಮ್ಮ ಪುಸ್ತಕ ಕೊಳ್ಳಲು ಬಂದವರ ಕೈಗೆ ಇನ್ನೊಬ್ಬರ ಪುಸ್ತಕವನ್ನೂ ಇಡುವುದು ಸಣ್ಣ ಮಾತಲ್ಲ. ಆ ಪುಸ್ತಕ ಚೆನ್ನಾಗಿಲ್ಲದಿದ್ದರೆ ಮುಂದಿನ ಸಲ ತಮ್ಮದನ್ನೂ ಕೊಳ್ಳುವುದಿಲ್ಲ ಎಂಬ ಅಪಾಯ ಅದರಲ್ಲಿದೆ. ನಾಲ್ಕು ಸಾಲಿನ ಪೋಸ್ಟಿನಲ್ಲಿ ಈ ಅಪಾಯ ಇಲ್ಲ, ಅದಕ್ಕೇ ಅದರಿಂದ ಪ್ರಯೋಜನವೂ ಇಲ್ಲ.

ಮೊದಲ ಪುಸ್ತಕ ತಂದವರು ಯಾರಾದರೂ ನನ್ನ ಕೇಳಿದರೆ ನಾನು ಕೊಡುವ ಸಲಹೆ ಸಾಹಿತ್ಯಕ್ಕಿಂತ ಅಂಚೆಗೆ ಸಂಬಂಧಿಸಿದ್ದು. ಪುಸ್ತಕಗಳಿಗೆ ಅಗ್ಗದ ದರದಲ್ಲಿದ್ದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಕೊನೆಯಲ್ಲಿ ನಿಲ್ಲಿಸಿತು. ಒಂದು ತೆಳ್ಳನೆಯ ಕವನ ಸಂಕಲನವನ್ನು ಬೀದರಿನ ಓದುಗರೊಬ್ಬರಿಗೆ ಕಳಿಸುವ ಖರ್ಚು ಪುಸ್ತಕದ ಬೆಲೆಗೆ ಹೋಲಿಸಿದರೆ ಹಗುರವೇನಲ್ಲ. ನಾಲ್ಕು ಜನ ಸೇರಿ, ಒಬ್ಬರ ಕವಿತೆ, ಒಬ್ಬರ ಕಥೆ, ಒಬ್ಬರ ಪ್ರಬಂಧ, ಒಬ್ಬರ ಅನುವಾದ, ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸಿದರೆ ತಲಾ ಖರ್ಚು ಇಳಿಯುತ್ತದೆ. ಚಂದಾ ಮೊದಲೇ ತೆಗೆದುಕೊಳ್ಳಿ; ಆಗಿನ ಮನಿಯಾರ್ಡರಿನ ಕಷ್ಟವಿಲ್ಲ, ಫೋನಿನಲ್ಲೇ ದುಡ್ಡು ಬರುತ್ತದೆ. ಪೊಟ್ಟಣ ಕಟ್ಟುವ ಮೊದಲು ನಾಲ್ವರೂ ಉಳಿದ ಮೂರು ಪುಸ್ತಕವನ್ನು ಕರಡಿನಲ್ಲೇ ಓದಿರಬೇಕು, ಬೇಡವೆನ್ನಿಸಿದ್ದನ್ನು ತೆಗೆಸುವಷ್ಟು ಸಲಿಗೆ ಇರಬೇಕು. ಪಿನ್‌ಕೋಡು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮಳೆಗಾಲವಾದರೆ ಒಳಗೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ.